ತಮಟೆ ಇಟ್ಟು ಬಂದ ದಿನ

ತ್ಯಾಗರಾಜನಗರ
11 ಫೆಬ್ರವರಿ 2024

ಅಪ್ಪ,

ಈ ಕಾಗದದ ಜೊತೆ ನನ್ನ ಪುಸ್ತಕ ಇಟ್ಟಿದ್ದೇನೆ. ನಾನೇ ತಂದುಕೊಡಬೇಕಿತ್ತು. ತ್ಯಾಗರಾಜನಗರದಿಂದ ಹುಳಿಮಾವಿಗೆ ಬರಲು ವೀಸಾ ಬೇಕಿಲ್ಲ ಎಂದು ತಮ್ಮ ಸಿದ್ಧಾರ್ಥ ಹಂಗಿಸುತ್ತಾನೆ, ಗೊತ್ತು. ಫೋನ್ ಮಾಡಿದರೆ ನಿನಗೆ ಕೇಳಿಸುವುದಿಲ್ಲ, ನಾನು ಕೂಗಿದರೆ ನಮ್ಮ ಬೀದಿಗೆಲ್ಲ ಕೇಳಿಸುತ್ತದೆ. ಕಾಗದವೇ ವಾಸಿ ಎಂದುಕೊಂಡೆ. ನಿಜ ಹೇಳಬೇಕೆಂದರೆ, ನೀನು ಪುಸ್ತಕ ಬಿಡಿಸುವಾಗ ಎದುರಿಗೆ ಕೂರಲು ನನಗೆ ಧೈರ್ಯ ಸಾಲಲಿಲ್ಲ.

ಮೊದಲನೆಯ ಪದ್ಯವೇ ನಿನ್ನದು, 'ಅಪ್ಪನ ತಮಟೆ'. ಸಾವಿನ ಮನೆಗೆ ಹೊರಡುವ ಮುಂಚೆ ನೀನು ಹುಲ್ಲಿಗೆ ಬೆಂಕಿ ಹಾಕಿ ತಮಟೆಯ ಚರ್ಮ ಕಾಯಿಸುತ್ತಿದ್ದೆಯಲ್ಲ, ನಾನು ಪಕ್ಕದಲ್ಲಿ ನಿಂತು ಹಿಡಿ ಹಿಡಿ ಹುಲ್ಲು ಕೊಡುತ್ತಿದ್ದೆನಲ್ಲ, ಅಷ್ಟೇ ಅದರ ವಿಷಯ. ಅಚ್ಚಿನ ಅಕ್ಷರ ನಿನ್ನ ಕಣ್ಣಿಗೆ ಚಿಕ್ಕದಾಗಬಹುದು. ಕೊನೆಯ ಸಾಲುಗಳನ್ನು ಇಲ್ಲೇ ದೊಡ್ಡದಾಗಿ ಬರೆಯುತ್ತೇನೆ.

ಹುಲ್ಲು ಉರಿದು ಬೂದಿಯಾಯಿತು,
ಚರ್ಮ ಬಿಗಿದು ನಿಂತಿತು.
ಅಪ್ಪ ಒಮ್ಮೆ ಬೆರಳು ತಾಗಿಸಿದ,
ಊರೇ ಎದ್ದು ಕುಳಿತಿತು.
ಇನ್ನೂ ಇಳಿದಿಲ್ಲ ಆ ಸದ್ದು
ನನ್ನ ಎದೆಯಿಂದ.

ಕಾಲೇಜಿನಲ್ಲಿ ಎಲ್ಲರೂ ಮೆಚ್ಚಿದರು. ನಮ್ಮ ಮನೆ ಓನರ್ ಅನಂತಪದ್ಮನಾಭ ಅವರೂ ಒಂದು ಪ್ರತಿ ಕೊಂಡು ಓದಿ, "ನೀವು ಇಂಥಾ ಕಡೆಯಿಂದ ಬಂದೋರು ಅಂತ ಗೊತ್ತೇ ಇರ್ಲಿಲ್ಲ ಮೇಡಂ" ಎಂದರು. ಹೊಗಳಿದರೋ ಇನ್ನೇನೋ, ಅಗ್ರಿಮೆಂಟ್ ಮುಗಿಯುವ ತನಕ ತಿಳಿಯುವುದಿಲ್ಲ.

ನಿನ್ನನ್ನು ಒಂದು ಮಾತು ಕೇಳದೆ ಬರೆದೆ. ಅದೊಂದು ಮನಸ್ಸಿನಲ್ಲಿ ಕೊರೆಯುತ್ತಿದೆ. ಓದಿ ಏನನ್ನಿಸಿತು ಬರೆ. ಚೆನ್ನಾಗಿಲ್ಲದಿದ್ದರೆ ಚೆನ್ನಾಗಿಲ್ಲ ಎಂದೇ ಬರೆ.

ನಿನ್ನ ಮಗಳು,
ಕಲ್ಯಾಣಿ

*

ಹುಳಿಮಾವು
20 ಫೆಬ್ರವರಿ 2024

ಮಗಳು ಕಲ್ಯಾಣಿಗೆ ಅಪ್ಪ ಬರೆಯುವುದು. ಜೈ ಭೀಮ್.

ಪುಸ್ತಕ ಬಂತು. ರಟ್ಟು ಗಟ್ಟಿಯಾಗಿದೆ. ಒಳಗೆ ಪಾಪಯ್ಯ, ಮಾರಮ್ಮ ಅಂತ ನಮ್ಮಿಬ್ಬರ ಹೆಸರು ಅಚ್ಚಾಗಿರುವುದನ್ನು ಎದುರು ಮನೆ ಲಕ್ಷ್ಮಮ್ಮನಿಗೆ ತೋರಿಸಿದೆವು. ಅವರ ಮನೆಯಲ್ಲಿ ಎರಡು ದಿನ ಇಟ್ಟುಕೊಂಡು ಕೊಟ್ಟರು. ರಟ್ಟಿನ ಮೇಲೆ ಸ್ವಲ್ಪ ಎಣ್ಣೆ ಆಗಿದೆ.

ನಿಮ್ಮಮ್ಮ ಓದಿ ಹೇಳು ಅಂದಳು. ಓದಿದೆ. ಬೆಂಕಿ, ಹುಲ್ಲು ಎಲ್ಲ ಕೇಳಿ ನಕ್ಕಳು. "ಒಂದಿನ ಅವಳ ಲಂಗದ ಅಂಚು ಹತ್ಕೊಂಡಿತ್ತಲ್ಲ, ಅದನ್ನ ಬರ್ದಿಲ್ವಾ" ಅಂದಳು. ಮುಗಿದ ಮೇಲೆ "ಆಮೇಲೆ?" ಅಂತ ಕೇಳಿದಳು. ಅಷ್ಟೇ ಅಂದೆ. "ನೀನು ಗಂಗಾಧರಯ್ಯನ ಜಗಲಿ ಮೇಲೆ ತಮಟೆ ಮಡಗಿ ಬಂದಿದ್ದು?" ಅಂದಳು. ಅದು ಇದರಲ್ಲಿ ಇಲ್ಲ ಅಂದೆ. ಅವಳು ಮುದ್ದೆ ತಿರುವಲು ಒಳಗೆ ಹೋದಳು.

ಪುಸ್ತಕ ನಿನ್ನದು. ನಾನು ನಾಲ್ಕನೇ ಕ್ಲಾಸು ಓದಿದವನು. ಪದ್ಯ ಎಲ್ಲಿ ನಿಲ್ಲಬೇಕು ಅಂತ ನನಗೆ ತಿಳಿಯದು. ಒಟ್ಟಿನಲ್ಲಿ ನಮಗೆ ಸಂತೋಷವಾಗಿದೆ.

ಬಿಸಿಲು ಜಾಸ್ತಿಯಾಗಿದೆ. ಕೆರೆ ಪಕ್ಕದ ರಸ್ತೆ ಅಗೆದು ಹಾಕಿದ್ದಾರೆ. ಬರುವುದಾದರೆ ಆಟೋದವನಿಗೆ ಹಿಂದಿನ ದಾರಿ ಹೇಳು.

ನಿನ್ನ ಅಪ್ಪ,
ಪಾಪಯ್ಯ

*

ತ್ಯಾಗರಾಜನಗರ
3 ಮಾರ್ಚ್ 2024

ಅಪ್ಪ,

ನಿನ್ನ ಕಾಗದ ಓದಿ ಎರಡು ದಿನ ಅಮ್ಮನ ಮೇಲೆ ಕೋಪ ಮಾಡಿಕೊಂಡಿದ್ದೆ. ಈಗ ಇಳಿದಿದೆ.

ನಾನು ಮರೆತಿಲ್ಲ ಅಪ್ಪ. ನೀವು ಬುದ್ಧನ ದೀಕ್ಷೆ ತೆಗೆದುಕೊಂಡ ವಾರವೇ ನೀನು ಗಂಗಾಧರಯ್ಯನವರ ಮನೆಗೆ ಹೋಗಿ, ಜಗಲಿಯ ಮೇಲೆ ತಮಟೆ ಇಟ್ಟು, "ಇನ್ನು ಸಾವಿಗೆ ನನ್ನ ಕರೀಬ್ಯಾಡಿ" ಎಂದು ಹೇಳಿ ಬಂದೆ. ಮಾರನೆಯ ದಿನದಿಂದ ಅವರ ಹೊಲದಲ್ಲಿ ನಿನಗೂ ಅಮ್ಮನಿಗೂ ಕೂಲಿ ನಿಂತಿತು. ಬೊಮ್ಮನಹಳ್ಳಿಯ ಫ್ಯಾಕ್ಟರಿಯಲ್ಲಿ ನಿನಗೆ ಕೆಲಸ ಸಿಗುವವರೆಗೂ ಅಮ್ಮ ಹೊಟ್ಟೆಯಲ್ಲಿ ಸಿದ್ಧಾರ್ಥನನ್ನು ಹೊತ್ತುಕೊಂಡು ಪಕ್ಕದೂರಿಗೆ ನಡೆದು ಹೋಗಿ ದುಡಿದಳು. ಇದೆಲ್ಲ ನನಗೆ ಗೊತ್ತು. ಆದರೆ ಅದು ಬೇರೆಯದೇ ಒಂದು ಪದ್ಯ. ಎಲ್ಲವನ್ನೂ ಒಂದರಲ್ಲೇ ತುರುಕಿದರೆ ಪದ್ಯ ಹೋಗಿ ಭಾಷಣ ಆಗುತ್ತದೆ. ಅಮ್ಮನಿಗೆ ಹೀಗೆ ಹೇಳು. ಒಪ್ಪುವುದಿಲ್ಲ ಅವಳು, ಆದರೂ ಹೇಳು.

ಇನ್ನೊಂದು ಸುದ್ದಿ. ಕಳೆದ ಭಾನುವಾರ ಜಯನಗರದ ಸಭಾಂಗಣದಲ್ಲಿ ಪುಸ್ತಕದ ಬಿಡುಗಡೆ ಸಮಾರಂಭ ನಡೆಯಿತು. ನಿನ್ನ ಪದ್ಯ ಓದಿದಾಗ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆಮೇಲೆ ಸಹಿ ಹಾಕಿಸಿಕೊಳ್ಳಲು ಸಾಲಿನಲ್ಲಿ ಯಾರು ನಿಂತಿದ್ದರು ಹೇಳು. ಗಂಗಾಧರಯ್ಯನವರ ಮಗ ರವಿಕಿರಣ್. ಯಾವುದೋ ಪೇಪರಿನಲ್ಲಿ ನಮ್ಮೂರಿನ ಹೆಸರು ನೋಡಿ ಬಂದರಂತೆ. "ನಮ್ಮೂರೋರು ಇಷ್ಟು ಚೆನ್ನಾಗಿ ಬರೀತಾರೆ ಅಂತ ಗೊತ್ತಿರ್ಲಿಲ್ಲ ಮೇಡಂ" ಎಂದರು. ಅವರ ಮನೆಯ ಮುಂದೆ ಚಪ್ಪಲಿ ಕೈಯಲ್ಲಿ ಹಿಡಿದು ನಡೆದವಳು ನಾನು. ಆ ಮನೆಯ ಮಗ ಮೇಡಂ ಎಂದು ಪುಸ್ತಕ ಚಾಚಿಕೊಂಡು ನಿಂತಿದ್ದಾರೆ. ನನಗೆ ಎಷ್ಟು ಹಿಗ್ಗಾಯಿತೆಂದರೆ ಅವರ ಪ್ರತಿಯ ಮೇಲೆ 'ನಮ್ಮೂರಿನ ನೆನಪಿಗೆ' ಎಂದು ಬರೆದು ಸಹಿ ಹಾಕಿದೆ. ನೀನು ಅಲ್ಲಿರಬೇಕಿತ್ತು ಎನ್ನಿಸಿತು.

ಬುದ್ಧ ಪೂರ್ಣಿಮೆಗೆ ಖಂಡಿತ ಬರುತ್ತೇನೆ.

ಕಲ್ಯಾಣಿ

*

ಹುಳಿಮಾವು
9 ಜೂನ್ 2024

ಅಕ್ಕ,

ಬುದ್ಧ ಪೂರ್ಣಿಮೆಗೆ ನೀನು ಬರಲಿಲ್ಲ. ಪೇಪರ್ ವ್ಯಾಲ್ಯುಯೇಷನ್ ಅಂದೆ. ಇರಲಿ, ಆ ವಿಷಯಕ್ಕೆ ಬರೆಯುತ್ತಿಲ್ಲ.

ಫೋನಿನಲ್ಲಿ ಹೇಳಿದರೆ ಜಗಳ ಆಗುತ್ತದೆ. ಮೆಸೇಜ್ ಹಾಕಿದರೆ ನೀನು ನೋಡಿ ಸುಮ್ಮನಾಗುತ್ತೀಯ. ಅದಕ್ಕೇ ನಾನೂ ಅಪ್ಪನ ಥರ ಪೆನ್ನು ಹಿಡಿದಿದ್ದೇನೆ.

ಕಳೆದ ಸೋಮವಾರ ಗಂಗಾಧರಯ್ಯ ತೀರಿಕೊಂಡರು. ನಾನು ಡ್ಯೂಟಿಗೆ ಹೊರಡುವ ಹೊತ್ತಿಗೆ ಮನೆ ಮುಂದೆ ಕಾರು ನಿಂತಿತು. ರವಿಕಿರಣ್ ಇಳಿದರು. ಕಣ್ಣು ಕೆಂಪಾಗಿತ್ತು. ಕೈಯಲ್ಲಿ ನಿನ್ನ ಪುಸ್ತಕ. ಒಳಗೆ ಬಂದು ಕೂತರು, ಅಮ್ಮ ಕೊಟ್ಟ ನೀರು ಕುಡಿದರು. ಆ ಮನೆಯವರು ನಮ್ಮನೆಯಲ್ಲಿ ನೀರು ಕುಡಿದದ್ದು ಅದೇ ಮೊದಲು. ಅಮ್ಮ ಲೋಟ ಹಿಡಿದುಕೊಂಡೇ ನಿಂತುಬಿಟ್ಟಳು.

"ಅಂಕಲ್, ಅಪ್ಪನ್ನ ಕಳಿಸಿಕೊಡೋಕೆ ನೀವೊಂದ್ಸಲ ಬಾರಿಸ್ಬೇಕು" ಅಂದರು. ಅಪ್ಪನಿಗೆ ಕೇಳಿಸಲಿಲ್ಲ. ಪುಸ್ತಕ ಬಿಚ್ಚಿ, ಪದ್ಯದ ಮೇಲೆ ಬೆರಳಿಟ್ಟು ತೋರಿಸಿ, ಕೈಸನ್ನೆ ಮಾಡಿದರು.

ಅಮ್ಮ ಹೇಳಿದಳು, "ಬ್ಯಾಡ ಕಣಪ್ಪ, ಅವ್ರು ಅದನ್ನ ಬಿಟ್ಟು ಎಷ್ಟೋ ಕಾಲ ಆಯ್ತು."

"ಆಂಟಿ, ಬುಕ್ಕಲ್ಲಿ ಹಂಗೇನಿಲ್ವಲ್ಲ" ಅಂದರು.

"ನಮ್ಮಪ್ಪ ಬರಲ್ಲ ಸಾರ್" ಅಂದೆ ನಾನು. ಅದಕ್ಕೆ ಅವರು, "ನಾನು ಹಳೇ ಥರ ಕರೀತಿಲ್ಲ ಬ್ರದರ್. ರೆಸ್ಪೆಕ್ಟಿಂದ ಕರೀತಿದೀನಿ. ನಿಮ್ಮಕ್ಕನೇ ಇಷ್ಟು ಹೆಮ್ಮೆಯಿಂದ ಬರ್ದಿದಾರೆ. ಬೇಕಾದ್ರೆ ಮೇಡಂಗೇ ಫೋನ್ ಮಾಡಿ ಕೇಳೋಣ" ಅಂತ ಮೊಬೈಲ್ ತೆಗೆದರು. ಮನುಷ್ಯ ಸುಳ್ಳು ಹೇಳುತ್ತಿರಲಿಲ್ಲ ಅಕ್ಕ, ಮನಸಾರೆ ಕೇಳುತ್ತಿದ್ದರು. ಬೈದು ಕಳಿಸುವುದಕ್ಕೂ ಆಗಲಿಲ್ಲ.

ಮೊಬೈಲ್ ತೆಗೆದದ್ದು ನೋಡಿ ಅಪ್ಪನಿಗೆ ಅರ್ಥವಾಯಿತು. "ಅವಳಿಗೆ ಫೋನ್ ಮಾಡ್ಬ್ಯಾಡಿ. ಅವಳು ಬರ್ದಿರೋದು ಸರಿಯಾಗೇ ಐತೆ" ಅಂತ ಹೇಳಿ, ಎದ್ದು ಚಪ್ಪಲಿ ಹಾಕಿಕೊಂಡ. ಅಷ್ಟೇ. ಅಮ್ಮ ಬಾಗಿಲಿಗೆ ಅಡ್ಡ ನಿಂತಳು. ಅಪ್ಪ ಅವಳ ಭುಜ ಹಿಡಿದು ಪಕ್ಕಕ್ಕೆ ಸರಿಸಿ ಹೋದ. ಬರುವುದಿಲ್ಲ ಅಂದಿದ್ದರೆ ಅವರ ಎದುರಿಗೆ ನಿನ್ನ ಪುಸ್ತಕ ಸುಳ್ಳಾಗುತ್ತಿತ್ತು, ಅದಕ್ಕೇ ಹೋದ. ನಿನಗೆ ಬಿಡಿಸಿ ಹೇಳಬೇಕಿಲ್ಲ.

ನಾನೂ ಹಿಂದೆ ಹೋದೆ. ಅಲ್ಲಿ ತಮಟೆ ಆಗಲೇ ತಂದಿಟ್ಟಿದ್ದರು. ಫೈಬರ್‌ದು. ಅದಕ್ಕೆ ಹುಲ್ಲು, ಬೆಂಕಿ ಏನೂ ಬೇಕಿಲ್ಲ. ರವಿಕಿರಣ್ ಅಪ್ಪನಿಗೆ ಶಾಲು ಹೊದಿಸಿದರು. ಜನ ವಿಡಿಯೋ ಮಾಡಿಕೊಂಡರು. ಅಷ್ಟರಲ್ಲಿ ಅವರ ಮನೆಯ ಹಿರಿಯರೊಬ್ಬರು ಕುರ್ಚಿಯಲ್ಲಿ ಕೂತಿದ್ದವರು, "ಲೋ ಪಾಪ, ಒಸಿ ಗೇಟಿಂದಾಚೆ ನಿಂತ್ಕೊಂಡು ಬಾರ್ಸೋ" ಅಂದರು. ಅಪ್ಪನಿಗೆ ಕೇಳಿಸಲಿಲ್ಲ. ಕೈ ತೋರಿಸಿದ್ದು ಕಾಣಿಸಿತು. ಶಾಲು ಹೊದ್ದುಕೊಂಡೇ ಹೋಗಿ ಗೇಟಿನಾಚೆ ನಿಂತ. ರವಿಕಿರಣ್ ಆ ಕಡೆ ಯಾರ ಜೊತೆಯೋ ಮಾತಾಡುತ್ತಿದ್ದರು. ನೋಡಲಿಲ್ಲವೋ, ನೋಡಿ ಸುಮ್ಮನಾದರೋ ನನಗೆ ತಿಳಿಯದು.

ನಾನು ಹುಟ್ಟುವುದಕ್ಕೆ ಮುಂಚೆಯೇ ಅಪ್ಪ ತಮಟೆ ಬಿಟ್ಟಿದ್ದು. ಸಿದ್ಧಾರ್ಥ ಅಂತ ಹೆಸರಿಟ್ಟು ನನ್ನನ್ನು ಬೆಳೆಸಿದ. ಅವನು ಬಾರಿಸಿದ್ದನ್ನು ನಾನು ಮೊನ್ನೆಯೇ ಮೊದಲ ಸಲ ಕೇಳಿದ್ದು. ಹೇಳಬಾರದು, ಸಖತ್ತಾಗಿ ಬಾರಿಸಿದ ಅಕ್ಕ. ನನಗೆ ಅಳು ಬಂತು. ಆ ಗೇಟಿನ ಹೊರಗೆ ನಿಂತು ನಾನು ಅಪ್ಪನನ್ನು ಮೆಚ್ಚಿಕೊಂಡೆನಲ್ಲ, ಅದಕ್ಕೆ ನಿನ್ನ ಮೇಲೆ ಇನ್ನೂ ಸಿಟ್ಟು ಬರುತ್ತಿದೆ.

ಮನೆಗೆ ಬರುವಾಗ ದಾರಿಯಲ್ಲಿ ಕೇಳಿದ, "ಸರಿಯಾಗಿ ಬಂತೇನ್ಲಾ? ನಂಗೆ ಕೇಳಿಸ್ಲಿಲ್ಲ." ಹೂಂ ಅಂದೆ.

ಇವತ್ತು ಭಾನುವಾರ. ಬುದ್ಧ ವಿಹಾರದ ಬೀಗ ತೆಗೆದು, ಮೊಂಬತ್ತಿ ಹಚ್ಚಿ, ಎಲ್ಲರಿಗೂ ತ್ರಿಶರಣ ಹೇಳಿಕೊಡುವುದು ಅಪ್ಪನ ಕೆಲಸ ಅಂತ ನಿನಗೆ ಗೊತ್ತು. ಬೆಳಿಗ್ಗೆ ಬೀಗದ ಕೈಯನ್ನು ವಿಹಾರಕ್ಕೆ ಬರುವ ಯುವರಾಜ್ ಮನೆಗೆ ಕೊಟ್ಟು ಬಂದ. ಯಾರೂ ಅಪ್ಪನನ್ನು ಏನೂ ಕೇಳಿರಲಿಲ್ಲ.

ನೀನು ತಮಟೆಯನ್ನು ಎದೆಯಲ್ಲಿ ಇಟ್ಟುಕೊಂಡಿದ್ದೀಯ ಅಂತ ಬರೆದಿದ್ದೀಯ. ಒಳ್ಳೆಯದು. ಅಪ್ಪ ಮಾತ್ರ ಅದನ್ನು ಕುತ್ತಿಗೆಗೆ ಹಾಕಿಕೊಳ್ಳಬೇಕಾಯಿತು.

ಸಿದ್ಧಾರ್ಥ

*

ತ್ಯಾಗರಾಜನಗರ
14 ಜೂನ್ 2024

ಅಪ್ಪ,

ಸಿದ್ಧಾರ್ಥನ ಕಾಗದ ಬಂತು. ಸ್ಟಾಫ್ ರೂಮಿನಲ್ಲಿ ಒಡೆದು ಓದಿದೆ. ಆಮೇಲೆ ಕ್ಲಾಸಿಗೆ ಹೋಗಿ ಏನು ಪಾಠ ಮಾಡಿದೆನೋ ನೆನಪಿಲ್ಲ.

ಕ್ಷಮಿಸು ಎಂದು ಬರೆದು ಹೊಡೆದುಹಾಕಿದೆ, ಮತ್ತೆ ಬರೆದೆ. ಆ ಮಾತು ತೀರಾ ಸಲೀಸಾಗಿ ಬಂತು, ಅದಕ್ಕೇ ನಂಬಿಕೆ ಬರಲಿಲ್ಲ. ಏನು ಮಾಡಿದ್ದೇನೆಂದು ನೇರವಾಗಿ ಹೇಳಿಬಿಡುತ್ತೇನೆ.

ನೀನು ತಮಟೆ ಇಟ್ಟು ಬಂದ ದಿನ ಬೇರೆ ಪದ್ಯ ಎಂದಿದ್ದೆನಲ್ಲ, ಅದು ಸುಳ್ಳು. ಅದೂ ಇದೇ ಪದ್ಯದಲ್ಲಿತ್ತು. ಕೊನೆಗೆ ಇತ್ತು. ಗೆಳತಿಯೊಬ್ಬಳಿಗೆ ಓದಿ ಹೇಳಿದಾಗ, "ಸದ್ದಿಗೇ ನಿಲ್ಲಿಸಿಬಿಡು ಕಲ್ಯಾಣಿ, ಅಲ್ಲಿಂದಾಚೆ ಬರೀ ಜಗಳ" ಎಂದಳು. ನನಗೂ ಹೌದೆನ್ನಿಸಿತು. ಯಾವ ಕೈಯಿಂದ ಬರೆದಿದ್ದೆನೋ ಅದೇ ಕೈಯಿಂದ ಗೀಟು ಎಳೆದೆ. ಕೇಳುವವರಿಗೆ ಬೆಂಕಿ ಬೇಕಿತ್ತು, ಸದ್ದು ಬೇಕಿತ್ತು. ಕೂಲಿ ನಿಂತದ್ದು, ಅಮ್ಮ ಹಸಿದದ್ದು ಯಾರಿಗೂ ಬೇಕಿರಲಿಲ್ಲ. ಅವರಿಗೆ ಬೇಕಿಲ್ಲವೆಂದು ನಾನೇ ತೀರ್ಮಾನ ಮಾಡಿಬಿಟ್ಟೆ.

ಇನ್ನೊಂದು ಇದೆ. ಸಹಿ ಹಾಕಿಸಿಕೊಳ್ಳುವಾಗ ರವಿಕಿರಣ್ ನನ್ನನ್ನು, "ಅಂಕಲ್ ಈಗ್ಲೂ ಬಾರಿಸ್ತಾರಾ ಮೇಡಂ?" ಎಂದು ಕೇಳಿದ್ದರು. ಇಲ್ಲ, ನಿಮ್ಮ ಮನೆಯ ಜಗಲಿಯ ಮೇಲೆಯೇ ಇಟ್ಟು ಬಂದರು ಎನ್ನಬೇಕಿತ್ತು. ಒಂದೇ ವಾಕ್ಯ. ಹಿಂದೆ ಜನ ಕಾಯುತ್ತಿದ್ದರು, ಆ ಮನುಷ್ಯ ಸಂತೋಷವಾಗಿ ನಿಂತಿದ್ದರು, ಆ ಗಳಿಗೆಯನ್ನು ಕೆಡಿಸಲು ನನಗೆ ಮನಸ್ಸು ಬರಲಿಲ್ಲ. ನಾನು ನಕ್ಕೆ. ಅವರು ಆ ನಗುವನ್ನು ಹೌದೆಂದುಕೊಂಡು ಮನೆಗೆ ಹೋದರು. ನಿನ್ನನ್ನು ಆ ಗೇಟಿನಾಚೆ ನಿಲ್ಲಿಸಿದ್ದು ಆ ಮುದುಕರಲ್ಲ ಅಪ್ಪ, ನಾನು.

ಇದನ್ನು ನಾನು ಸರಿಮಾಡಬೇಕು. ಪುಸ್ತಕ ಎರಡನೇ ಸಲ ಅಚ್ಚಾಗುತ್ತಿದೆ. ಗೀಟು ಹೊಡೆದ ಸಾಲುಗಳನ್ನು ಮತ್ತೆ ಸೇರಿಸಲು ಪ್ರಕಾಶಕರು ಒಪ್ಪಿದ್ದಾರೆ. ಮೊದಲ ಪ್ರತಿ ರವಿಕಿರಣ್‌ಗೆ ನಾನೇ ಕೊಟ್ಟು ಬರುತ್ತೇನೆ. ಆಗ ಬರೆದದ್ದನ್ನು ಒಂದಕ್ಷರ ಬದಲಿಸದೆ ಬೇರೆ ಹಾಳೆಯಲ್ಲಿ ಬರೆದು ಇದರೊಳಗೆ ಇಟ್ಟಿದ್ದೇನೆ.

ಆ ಸದ್ದು ಮುಗಿದ ಮೇಲೆ ಒಂದು ದಿನ
ಅಪ್ಪ ತಮಟೆಯನ್ನು ಜಗಲಿಯ ಮೇಲಿಟ್ಟು
ಬರಿಗೈಯಲ್ಲಿ ಮನೆಗೆ ಬಂದ.
ನಾವು ಹಸಿದೆವು. ಕರೆಯಲು ಬಂದವರು
ಬಾಗಿಲಿಂದಲೇ ಹಿಂದಿರುಗಿದರು.
ಆ ಕೈ ಮತ್ತೆಂದೂ
ಆ ಮನೆಯ ಸಾವಿಗೆ ಏಳಲಿಲ್ಲ.

ಈ ಸಲ ನಿನ್ನನ್ನು ಕೇಳುತ್ತಿದ್ದೇನೆ. ಮೊದಲೇ ಕೇಳಬೇಕಿತ್ತು. ಹೂಂ ಎಂದು ಒಂದು ಸಾಲು ಬರೆ, ಸಾಕು.

ಕಲ್ಯಾಣಿ

*

ತ್ಯಾಗರಾಜನಗರ
30 ಜೂನ್ 2024

ಅಪ್ಪ,

ಕಳೆದ ಭಾನುವಾರ ಬಂದಿದ್ದೆ. ನೀನು ಮಲಗಿದ್ದೀಯ ಎಂದು ಅಮ್ಮ ಹೇಳಿದಳು. ಒಳಗಿನಿಂದ ನಿನ್ನ ಕೆಮ್ಮು ಕೇಳಿಸುತ್ತಿತ್ತು. ನಾನು ಬಂದದ್ದು ನಿನಗೆ ಕೇಳಿಸಲಿಲ್ಲ ಎಂದೇ ಅಂದುಕೊಳ್ಳುತ್ತೇನೆ. ಅಮ್ಮ ಊಟಕ್ಕೆ ಬಡಿಸಿದಳು, ಸಾರು ಸಾಕೇ ಎಂದಷ್ಟೇ ಕೇಳಿದಳು. ಸಿದ್ಧಾರ್ಥ ಗಾಡಿ ಒರೆಸುತ್ತಾ ಹೊರಗೇ ಇದ್ದ. ಅಷ್ಟು ಹೊತ್ತು ಒರೆಸುವಂಥ ಗಾಡಿಯಲ್ಲ ಅದು.

ನಿನ್ನ ಉತ್ತರ ಬರುವವರೆಗೂ ಅಚ್ಚು ನಿಲ್ಲಿಸಿ ಎಂದು ಪ್ರಕಾಶಕರಿಗೆ ಹೇಳಿದ್ದೇನೆ. ಬೈದಾದರೂ ಬರೆ ಅಪ್ಪ.

ಕಲ್ಯಾಣಿ

*

ಹುಳಿಮಾವು
13 ಜುಲೈ 2024

ಮಗಳು ಕಲ್ಯಾಣಿಗೆ ಅಪ್ಪ ಬರೆಯುವುದು.

ನಿನ್ನ ಎರಡು ಕಾಗದವೂ ಬಂದಿವೆ. ಅವತ್ತು ನಾನು ಮಲಗಿರಲಿಲ್ಲ. ನೀನು ಬಂದದ್ದು ಬಾಗಿಲ ಸಂದಿಯಿಂದ ಕಂಡಿತ್ತು. ಮುಖ ನೋಡಿದರೆ ನೀನು ಅಳುತ್ತೀಯ, ನೀನು ಅತ್ತರೆ ನಾನು ಹೂಂ ಅಂದುಬಿಡುತ್ತೇನೆ ಅಂತ ಒಳಗೇ ಇದ್ದೆ. ಯೋಚನೆ ಮಾಡಿ ಹೇಳಬೇಕಾದ ವಿಷಯ ಇದು.

ಸಿದ್ಧಾರ್ಥ ಕೋಪದಲ್ಲಿ ಬರೆದಿರುತ್ತಾನೆ. ನಿನಗಾಗಿ ಹೋದೆ ಅನ್ನುವುದು ನಿಜ, ಆದರೆ ಪೂರ್ತಿ ನಿಜ ಅಲ್ಲ. ಪುಸ್ತಕದಲ್ಲಿ ನಿನ್ನ ಸಾಲು ಓದಿದಾಗಿನಿಂದ ಕೈಗೆ ಒಂದು ಥರ ಆಗುತ್ತಿತ್ತು. ಆ ಹುಡುಗ ಬಂದು ಕರೆದಾಗ ಮನಸ್ಸು ಬೇಡ ಅಂತು, ಕೈ ಬೇಡ ಅನ್ನಲಿಲ್ಲ. ಅಲ್ಲಿ ನಿಂತು ಬಾರಿಸುವಾಗ ನನಗೆ ಸಂತೋಷವಾಯಿತು ಮಗಳೇ. ಕಿವಿಗೆ ಕೇಳದಿದ್ದರೂ ಸಂತೋಷವಾಯಿತು. ಗೇಟಿನಾಚೆ ನಿಲ್ಲಿಸಿದ್ದು ಗೊತ್ತಿತ್ತು, ಆದರೂ ಆಯಿತು. ಅದನ್ನು ನಿಮ್ಮಮ್ಮನಿಗೆ ಹೇಳಿಲ್ಲ. ನನಗಾಗಿ ಅವಳು ಹಸಿದವಳು. ಅವಳ ಎದುರಿಗೆ ಆ ಸಂತೋಷ ಇಟ್ಟುಕೊಂಡು ವಿಹಾರದಲ್ಲಿ ಮುಂದೆ ಕೂರಲು ನಾಚಿಕೆಯಾಯಿತು. ಅದಕ್ಕೆ ಬೀಗದ ಕೈ ಕೊಟ್ಟೆ. ಜನ ಏನನ್ನುತ್ತಾರೋ ಅಂತ ಕೊಟ್ಟದ್ದಲ್ಲ. ಯುವರಾಜ್ ವಾಪಸ್ ತಂದುಕೊಡಲು ಬಂದಿದ್ದ. ಇನ್ನೊಂದು ಸ್ವಲ್ಪ ದಿನ ನಿನ್ನ ಹತ್ತಿರವೇ ಇರಲಿ ಅಂತ ಹೇಳಿ ಕಳಿಸಿದೆ.

ನೀನು ಕಳಿಸಿದ ಸಾಲುಗಳನ್ನು ಓದಿದೆ. ನಿಮ್ಮಮ್ಮನಿಗೂ ಓದಿ ಹೇಳಿದೆ. ಮೊದಲಿನದಕ್ಕಿಂತ ಚೆನ್ನಾಗಿವೆ. ಇದನ್ನು ನಾನು ಸುಮ್ಮನೆ ಹೇಳುತ್ತಿಲ್ಲ. "ನಾವು ಹಸಿದೆವು" ಅಂತ ಬಂದಾಗ ಅವಳು ಸೆರಗು ಬಾಯಿಗೆ ಹಿಡಿದುಕೊಂಡಳು. ಆ ಮಾತನ್ನು ಯಾರಾದರೂ ಹೇಳಲಿ ಅಂತ ಇಷ್ಟು ವರ್ಷ ಕಾದಿದ್ದಳು ಅಂತ ಕಾಣುತ್ತದೆ.

ಆದರೆ ಅಚ್ಚು ಹಾಕಿಸಬೇಡ.

ಆ ಕೈ ಮತ್ತೆಂದೂ ಆ ಮನೆಯ ಸಾವಿಗೆ ಏಳಲಿಲ್ಲ ಅಂತ ಬರೆದಿದ್ದೀಯ. ಎದ್ದಿತಲ್ಲ. ವಿಡಿಯೋ ಊರವರ ಫೋನಿನಲ್ಲೆಲ್ಲ ಇದೆ. ನಾಳೆ ಆ ಮನೆಯವರು ಇದನ್ನು ಓದಿ ನಗುತ್ತಾರೆ. ನೀನು ಸುಳ್ಳು ಬರೆದೆ ಅನ್ನುತ್ತಾರೆ. ಮೊದಲನೆಯದು ಸುಳ್ಳಾಗಬಾರದು ಅಂತ ನಾನು ಹೋದೆ. ಹೋಗಿ ಇದನ್ನು ಸುಳ್ಳು ಮಾಡಿಬಿಟ್ಟೆ. ಎರಡನ್ನೂ ಉಳಿಸಲು ನನ್ನಿಂದ ಆಗಲಿಲ್ಲ.

ನಿನ್ನದೊಂದೇ ತಪ್ಪು ಅಂತ ತಿಳಿಯಬೇಡ. ಕಾಗದ ಸಿಕ್ಕ ಮೇಲಿನ ಭಾನುವಾರ ಬಾ, ಆಗದಿದ್ದರೆ ಅದರ ಮುಂದಿನದಕ್ಕೆ ಬಾ. ನಾನು ಮಲಗಿರುವುದಿಲ್ಲ.

ಆ ಹಾಳೆಯನ್ನು ಇದರ ಜೊತೆಯಲ್ಲೇ ನಿನಗೆ ವಾಪಸ್ ಕಳಿಸಬೇಕು ಅಂತಿದ್ದೆ. ನಿಮ್ಮಮ್ಮ ಕೊಡುತ್ತಿಲ್ಲ. ಓದಲು ಬರದವಳು ಇಟ್ಟುಕೊಂಡು ಏನು ಮಾಡುತ್ತೀಯ ಅಂತ ಕೇಳಿದೆ. "ನಂದು ಅದು" ಅಂದಳು.

ನಿನ್ನ ಅಪ್ಪ,
ಪಾಪಯ್ಯ